ಒಂದು ಹನಿ ನೆತ್ತರು, ತಾಯಿಯ ಮೇಲಣ ಅಪವಾದ

ಕನ್ನಡದಲ್ಲಿ ‘ಹೆಪ್ಪು’ ಎಂಬ ಮಾತು ಮೂಲತಃ ಅಡಿಗೆಮನೆಗೆ ಸೇರಿದ್ದು. ಕಾಯಿಸಿ ಆರಿಸಿದ ಹಾಲಿಗೆ ಗೃಹಿಣಿ ಒಂದು ತೊಟ್ಟು ಮಜ್ಜಿಗೆಯನ್ನು ಬಿಟ್ಟು ಮುಚ್ಚಿಟ್ಟರೆ ಬೆಳಗಾಗುವುದರೊಳಗೆ ಅದು ಗಟ್ಟಿಮೊಸರಾಗುತ್ತದೆ. ಈ ಮಾತನ್ನೇ ನಮ್ಮ ಹಿರಿಯರು ನೆತ್ತರಿಗೂ ಅನ್ವಯಿಸಿದರು; ಗಾಯದ ಬಾಯಲ್ಲಿ ನೆತ್ತರು ಗಟ್ಟಿಯಾದುದನ್ನು ಕಂಡು ‘ಹೆಪ್ಪುಗಟ್ಟಿತು’ ಎಂದರು. ಹೋಲಿಕೆ ಸೊಗಸಾಗಿದೆ, ಆದರೆ ಅರ್ಧ ಮಾತ್ರ ಸರಿಯಾಗಿದೆ. ಹಾಲಿಗೆ ಹೆಪ್ಪು ಹೊರಗಿನಿಂದ ಬರಬೇಕು. ನೆತ್ತರಾದರೋ ತನ್ನ ಹೆಪ್ಪನ್ನು ತನ್ನೊಳಗೇ ಹೊತ್ತು ಹರಿಯುತ್ತದೆ. ಹರಿಯುವಷ್ಟು ಕಾಲವೂ ಆ ಹೆಪ್ಪು ನಿದ್ರಿಸುತ್ತಿರಬೇಕು. ನಾಳ ಸೀಳಿದ ಕ್ಷಣದಲ್ಲಿ ಎಚ್ಚರಗೊಳ್ಳಬೇಕು. ಆಗ ಪ್ಲೇಟ್‌ಲೆಟ್ ಎಂಬ ಕಿರುಕಣಗಳು ಸೀಳಿಗೆ ಬಂದು ಅಂಟುತ್ತವೆ. ಥ್ರಾಂಬಿನ್ ಎಂಬ ಕಿಣ್ವ ಹುಟ್ಟಿ, ನೆತ್ತರಲ್ಲಿ ಕರಗಿದ್ದ ಫೈಬ್ರಿನೋಜೆನ್ ಎಂಬ ಪ್ರೋಟೀನನ್ನು ಎಳೆಎಳೆಯಾದ ನಾರನ್ನಾಗಿ ಮಾಡುತ್ತದೆ. ಆ ನಾರಿನ ಬಲೆಯಲ್ಲಿ ರಕ್ತಕಣಗಳು ಸಿಕ್ಕಿ ಗಾಯ ಮುಚ್ಚುತ್ತದೆ. ಈ ಹೆಪ್ಪು ಎಚ್ಚರಗೊಳ್ಳದಿದ್ದರೆ ಮನುಷ್ಯ ಸಣ್ಣ ಗಾಯಕ್ಕೂ ರಕ್ತ ಸುರಿಸಿ ಸಾಯುತ್ತಾನೆ. ಹೊತ್ತಲ್ಲದ ಹೊತ್ತಿನಲ್ಲಿ ಎಚ್ಚರಗೊಂಡರೆ ನಾಳ ಕಟ್ಟಿ, ಮಿದುಳಿಗೋ ಹೃದಯಕ್ಕೋ ಪೆಟ್ಟು ಬಿದ್ದು ಸಾಯುತ್ತಾನೆ.

ನೆತ್ತರ ಈ ಹೆಪ್ಪಿಗೂ ಕೂಸಿನ ಬುದ್ಧಿಯ ಬೆಳವಣಿಗೆಗೂ ಏನು ನಂಟು ಎಂದು ಓದುಗರು ಕೇಳಬಹುದು. ಮೇಲುನೋಟಕ್ಕೆ ಎರಡೂ ಬೇರೆ ಬೇರೆ ಶಾಸ್ತ್ರಗಳ ವಿಷಯ. ಆದರೆ 1962ರಲ್ಲಿ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ನೀನಾ ಕಾರ್ಸನ್ ಎಂಬ ವೈದ್ಯೆಯೂ ನೀಲ್ ಎಂಬ ರಸಾಯನಶಾಸ್ತ್ರಜ್ಞರೂ ಬುದ್ಧಿಮಾಂದ್ಯರೆನಿಸಿಕೊಂಡವರ ಮೂತ್ರವನ್ನು ಪರೀಕ್ಷಿಸುತ್ತಿದ್ದಾಗ, ಇರಬಾರದ ಒಂದು ಪದಾರ್ಥ ಕೆಲವರ ಮೂತ್ರದಲ್ಲಿ ಕಂಡುಬಂತು. ಅದೇ ವರ್ಷ ಅಮೆರಿಕದಲ್ಲಿಯೂ ಬೇರೊಂದು ತಂಡ ಇದನ್ನೇ ಕಂಡಿತು. ಆ ಪದಾರ್ಥದ ಹೆಸರಿನಿಂದ ಈ ವ್ಯಾಧಿಗೆ ಹೋಮೋಸಿಸ್ಟಿನೂರಿಯ ಎಂದು ಹೆಸರಾಯಿತು. ಈ ಮಕ್ಕಳು ಹುಟ್ಟಿದಾಗ ಎಲ್ಲರಂತೆಯೇ ಇರುತ್ತಾರೆ. ವರ್ಷಗಳು ಕಳೆದಂತೆ ಮಾತು ಹಿಂದುಳಿಯುತ್ತದೆ, ಕಲಿಕೆ ಕುಂಟುತ್ತದೆ, ಕೈಕಾಲು ನೀಳವಾಗುತ್ತವೆ, ಕಣ್ಣಿನ ಮಸೂರ ತನ್ನ ಎಡೆಯಿಂದ ಜಾರುತ್ತದೆ, ಮೂಳೆ ಟೊಳ್ಳಾಗುತ್ತದೆ. ಎಲ್ಲಕ್ಕಿಂತ ಭಯಂಕರವಾದುದೆಂದರೆ, ಹದಿಹರೆಯದಲ್ಲಿಯೋ ಯೌವನದಲ್ಲಿಯೋ ನಾಳಗಳೊಳಗೆ ನೆತ್ತರು ತಾನೇ ಹೆಪ್ಪುಗಟ್ಟಿ ಪ್ರಾಣಕ್ಕೆ ಎರವಾಗುತ್ತದೆ.

ಒಂದೇ ಕೊರತೆ ಬುದ್ಧಿಯನ್ನೂ ಮಂಕಾಗಿಸಿ ನೆತ್ತರನ್ನೂ ಕಟ್ಟಿಸುವುದು ಹೇಗೆ? ನಾವು ಉಣ್ಣುವ ಅನ್ನ, ಬೇಳೆ, ಹಾಲುಗಳಲ್ಲಿ ಮಿಥಿಯೊನಿನ್ ಎಂಬ ಅಮೈನೋ ಆಮ್ಲ ಉಂಟು. ದೇಹ ಅದನ್ನು ಬಳಸುವಾಗ ನಡುದಾರಿಯಲ್ಲಿ ಹೋಮೋಸಿಸ್ಟೀನ್ ಹುಟ್ಟುತ್ತದೆ. ಅದು ಅಲ್ಲಿಯೇ ನಿಲ್ಲತಕ್ಕದ್ದಲ್ಲ. ಒಂದು ಕಿಣ್ವ ಅದನ್ನು ಮುಂದಿನ ಪದಾರ್ಥವಾಗಿ ಮಾರ್ಪಡಿಸಬೇಕು. ಆ ಕಿಣ್ವವನ್ನು ಕಟ್ಟುವ ವಂಶವಾಹಿ ಇಪ್ಪತ್ತೊಂದನೆಯ ವರ್ಣತಂತುವಿನಲ್ಲಿದೆ. ತಂದೆಯಿಂದ ಬಂದ ಪ್ರತಿಯೂ ತಾಯಿಯಿಂದ ಬಂದ ಪ್ರತಿಯೂ ಎರಡೂ ಕೆಟ್ಟಿದ್ದರೆ ಕಿಣ್ವದ ಕೆಲಸ ನಿಲ್ಲುತ್ತದೆ. ಬಾಗಿಲು ಮುಚ್ಚಿದ ತೂಬಿನ ಹಿಂದೆ ಕೆರೆಯ ನೀರು ಏರುವಂತೆ ಹೋಮೋಸಿಸ್ಟೀನ್ ನೆತ್ತರಲ್ಲಿ ಏರುತ್ತದೆ. ನಾಳಗಳ ಒಳಮೈಯನ್ನು ಕೆಡಿಸುತ್ತದೆ, ಮಲಗಿದ್ದ ಹೆಪ್ಪನ್ನು ಎಬ್ಬಿಸುತ್ತದೆ, ಬೆಳೆಯುವ ಮಿದುಳಿಗೂ ಕೇಡು ಮಾಡುತ್ತದೆ. 1964ರಲ್ಲಿ ಈ ಕಿಣ್ವದ ಕೊರತೆ ಪತ್ತೆಯಾಯಿತು. ಆ ಕಿಣ್ವ ಕೆಲಸ ಮಾಡಬೇಕಾದರೆ ಬಿ6 ಜೀವಸತ್ವದ ನೆರವು ಬೇಕು. ಆದ್ದರಿಂದ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆ ಜೀವಸತ್ವವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟೊಡನೆಯೇ ಗುಣ ಕಾಣುತ್ತದೆ. ಉಳಿದವರಿಗೆ ವೈದ್ಯರು ಅಳೆದು ಹೇಳಿದ ವಿಶೇಷ ಆಹಾರ ಬೇಕು. ಔಷಧವಾಗಲಿ ಪಥ್ಯವಾಗಲಿ ಕೂಸಾಗಿದ್ದಾಗಲೇ ಆರಂಭವಾಗಬೇಕೆಂಬುದು ಇಲ್ಲಿಯ ಮುಖ್ಯ ನಿಯಮ. ಕಳೆದುಹೋದ ಬುದ್ಧಿಯನ್ನು ಯಾವ ಮಾತ್ರೆಯೂ ಮರಳಿ ತಂದುಕೊಡದು.

ಇದೆಲ್ಲ ದೂರದೇಶದ ವಾರ್ತೆಯೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಅಪ್ಪಾಜಿರಾಯರೆಂಬ ಜೀವರಸಾಯನಶಾಸ್ತ್ರಜ್ಞರು ಬಿ6 ಜೀವಸತ್ವವನ್ನು ಅವಲಂಬಿಸಿ ದುಡಿಯುವ ಕಿಣ್ವಗಳನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದವರು. ಅವರು ವಿಶೇಷವಾಗಿ ಅಭ್ಯಸಿಸಿದ ಸೆರಿನ್ ಹೈಡ್ರಾಕ್ಸಿಮೀಥೈಲ್ ಟ್ರಾನ್ಸ್‌ಫರೇಸ್ ಎಂಬ ಕಿಣ್ವ, ಹೋಮೋಸಿಸ್ಟೀನನ್ನು ಮರಳಿ ಮಿಥಿಯೊನಿನ್ ಆಗಿಸುವ ದಾರಿಯ ನೆರೆಮನೆಯದು. ಪ್ರಯೋಗಶಾಲೆಯ ನಾಳಿಕೆಗಳ ನಡುವೆಯೇ ಇದ್ದು ಕೀರ್ತಿ ಪಡೆಯಬಹುದಾಗಿದ್ದ ಈ ವಿದ್ವಾಂಸರು, ಡಾ. ರಾಧಾ ರಮಾದೇವಿ, ಎಚ್.ಎಸ್. ಸಾವಿತ್ರಿ ಮೊದಲಾದವರೊಡನೆಯೂ ಹೊರದೇಶದ ಎ.ಎಚ್. ಬಿಟ್ಟಲ್ಸ್ ಅವರೊಡನೆಯೂ ಸೇರಿ, ಹೆರಿಗೆ ಆಸ್ಪತ್ರೆಗಳ ಕಡೆಗೆ ಮುಖಮಾಡಿದುದು ಗಮನಾರ್ಹ. 1980ರಲ್ಲಿ ಕರ್ನಾಟಕದಲ್ಲಿ ನವಜಾತ ಶಿಶುಗಳ ರಕ್ತಪರೀಕ್ಷೆಯ ಯೋಜನೆ ಆರಂಭವಾಯಿತು. ಭಾರತದಲ್ಲಿ ಇಂಥ ಪ್ರಯತ್ನ ಅದೇ ಮೊದಲು. ಸುಮಾರು 1,25,000 ಶಿಶುಗಳ ನೆತ್ತರಿನಲ್ಲಿ ಅಮೈನೋ ಆಮ್ಲಗಳ ಏರುಪೇರನ್ನು ನೋಡಲಾಯಿತು. ಟೈರೊಸಿನೀಮಿಯ, ಫೀನೈಲ್ ಅಲನಿನ್ನಿನ ಏರಿಕೆ ಮುಂತಾದ ಜನ್ಮಜಾತ ದೋಷಗಳು ನಮ್ಮ ನಾಡಿನ ಕೂಸುಗಳಲ್ಲಿಯೂ ಉಂಟು ಎಂಬುದು ಆಗ ಖಚಿತವಾಯಿತು. ಇಂಥ ವ್ಯಾಧಿಗಳು ಬಿಳಿಯರಿಗೆ ಮಾತ್ರ ಬರುವಂಥವು ಎಂಬ ಹಳೆಯ ಸಮಾಧಾನ ಅಲ್ಲಿಗೆ ಮುಗಿಯಿತು.

ಇದೇ ಕಾರ್ಯದ ಅಂಗವಾಗಿ 1980ರಿಂದ 1989ರವರೆಗೆ ಬೆಂಗಳೂರು, ಮೈಸೂರು ಎರಡು ನಗರಗಳಲ್ಲಿ ಒಂದು ಲಕ್ಷಕ್ಕೂ ಮೀರಿದ ದಂಪತಿಗಳ ವಿವಾಹಸಂಬಂಧವನ್ನೂ ಕೇಳಿ ಬರೆದುಕೊಂಡರು. ಸುಮಾರು ಮೂರು ಮದುವೆಗಳಲ್ಲಿ ಒಂದು ನೆಂಟರೊಳಗಿನದೇ ಆಗಿತ್ತು. ಅವುಗಳಲ್ಲಿ ಅಕ್ಕನ ಮಗಳನ್ನು ಸೋದರಮಾವ ವರಿಸಿದ ಮದುವೆಗಳೂ, ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳೊಡನೆ ಆದ ಮದುವೆಗಳೂ ಹೇರಳವಾಗಿದ್ದವು. ಇದರಲ್ಲಿ ಅಚ್ಚರಿಪಡುವಂಥದು ಏನೂ ಇಲ್ಲ. ಮೈಸೂರಿನ ಅಗ್ರಹಾರದಿಂದ ಹಿಡಿದು ನಂಜನಗೂಡು, ತಿ. ನರಸೀಪುರಗಳ ಹೊಲಗೇರಿಯವರೆಗೆ ‘ಮಾವ’ ಎಂಬ ಒಂದೇ ಮಾತು ತಾಯಿಯ ತಮ್ಮನಿಗೂ ಗಂಡನ ತಂದೆಗೂ ಸಲ್ಲುವುದನ್ನು ಬಲ್ಲವರಿಗೆ ಭಾಷೆಯೇ ಈ ಲೆಕ್ಕವನ್ನು ಮೊದಲೇ ಹೇಳಿತ್ತು.

ಈ ಲೆಕ್ಕದ ಅರ್ಥವೇನೆಂಬುದನ್ನು ನಿಧಾನವಾಗಿ ವಿಚಾರಿಸಬೇಕು. ಸೋದರಮಾವ-ಸೊಸೆಯರಲ್ಲಿ ವಂಶವಾಹಿಗಳ ನಾಲ್ಕನೆಯ ಒಂದು ಪಾಲು ಸಮಾನ. ಮಾವನ ಮಕ್ಕಳು ಅತ್ತೆಯ ಮಕ್ಕಳಲ್ಲಿ ಎಂಟನೆಯ ಒಂದು ಪಾಲು. ಪ್ರತಿ ಮನುಷ್ಯನೂ ತನಗೇ ತಿಳಿಯದಂತೆ ಕೆಲವು ಕೆಟ್ಟ ಪ್ರತಿಗಳನ್ನು ಹೊತ್ತಿರುತ್ತಾನೆ. ಜೊತೆಯ ಒಳ್ಳೆಯ ಪ್ರತಿ ಕೆಲಸ ನಡೆಸುತ್ತಿರುವುದರಿಂದ ಅವನಿಗೆ ಯಾವ ತೊಂದರೆಯೂ ಇಲ್ಲ. ಒಂದೇ ಅಜ್ಜಿಯಿಂದ ಬಂದ ಒಂದೇ ಕೆಟ್ಟ ಪ್ರತಿ ಗಂಡಹೆಂಡಿರಿಬ್ಬರಲ್ಲಿಯೂ ಇದ್ದರೆ, ಅವರಿಗೆ ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಮೊದಲ ಮಗುವಿಗೆ ಬಂದಿತೆಂದು ಮುಂದಿನ ಮೂವರು ಪಾರಾದರೆಂದಲ್ಲ; ಪ್ರತಿಸಲವೂ ಕವಡೆ ಹೊಸದಾಗಿ ಬೀಳುತ್ತದೆ. ಇದರಿಂದ ನೆಂಟರಲ್ಲಿ ಮದುವೆಯಾದವರ ಮಕ್ಕಳೆಲ್ಲ ರೋಗಿಗಳೆಂದು ಯಾರೂ ಹೆದರಬೇಕಾಗಿಲ್ಲ; ಬಹುಪಾಲು ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುತ್ತಾರೆ. ಬಿಟ್ಟಲ್ಸ್ ಅವರೇ ಈ ಅಪಾಯವನ್ನು ಉತ್ಪ್ರೇಕ್ಷಿಸಬಾರದೆಂದು ಎಚ್ಚರಿಸುತ್ತ ಬಂದಿದ್ದಾರೆ. ಆದರೆ ಉತ್ಪ್ರೇಕ್ಷೆ ಬೇಡವೆಂಬುದು ಮೌನಕ್ಕೆ ಸಮ್ಮತಿಯಾಗಲಾರದು.

ಆ ಮೌನದಿಂದಲೇ ನೋವು ಹುಟ್ಟುತ್ತದೆ. ಮಗು ನಾಲ್ಕು ವರ್ಷವಾದರೂ ಮಾತನಾಡದಿದ್ದರೆ ಮನೆಯವರ ದೃಷ್ಟಿ ಮೊದಲು ಯಾರ ಕಡೆಗೆ ತಿರುಗುತ್ತದೆಂಬುದು ಎಲ್ಲರಿಗೂ ಗೊತ್ತು. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು. ಅವಳ ಹಾಲು ಸರಿಯಿಲ್ಲ. ಅವಳ ತವರಿನ ರಕ್ತವೇ ಅಂಥದು. ಅತ್ತೆಯ ತವರೂ ಸೊಸೆಯ ತವರೂ ಒಂದೇ ಆಗಿರುವ ಮನೆಗಳಲ್ಲಿಯೂ ಈ ಮಾತು ನಿರ್ವಿಘ್ನವಾಗಿ ನಡೆಯುವುದು ತರ್ಕಶಾಸ್ತ್ರಕ್ಕೆ ಒಂದು ವಿನೋದ. ಕೇಳಬೇಕಾದ ಹೆಣ್ಣಿಗೆ ಅದು ವಿನೋದವಲ್ಲ. ಇಂಥ ದೋಷದಲ್ಲಿ ತಂದೆಯ ಪಾಲು ತಾಯಿಯ ಪಾಲಿಗೆ ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲವೆಂದು ವಿಜ್ಞಾನ ಅರ್ಧ ಶತಮಾನಕ್ಕೂ ಹಿಂದೆಯೇ ಸ್ಥಾಪಿಸಿದೆ. ಅದು ಇಂಗ್ಲಿಷಿನ ಪತ್ರಿಕೆಗಳಲ್ಲಿ ಅಚ್ಚಾಗಿ ಕುಳಿತಿದೆ. ತೀರ್ಪಿನ ಕಟ್ಟೆಯ ಮೇಲೆ ಇನ್ನೂ ಅತ್ತೆಯೇ ಕುಳಿತಿದ್ದಾಳೆ.

ದೂರುವುದಕ್ಕೆ ಮೊದಲಿಗಳಾದ ಈ ತಾಯಿಯೇ ಈ ವಿದ್ಯೆಯ ಮೂಲದಲ್ಲಿಯೂ ಇದ್ದಾಳೆಂಬುದನ್ನು ಬಲ್ಲವರು ಕಡಿಮೆ. ನಾರ್ವೆ ದೇಶದ ತಾಯಿಯೊಬ್ಬಳಿಗೆ ಇಬ್ಬರು ಮಕ್ಕಳು. ಇಬ್ಬರ ಬುದ್ಧಿಯೂ ಬೆಳೆಯದೆ ನಿಂತಿತ್ತು. ಮಕ್ಕಳ ಮೂತ್ರಕ್ಕೆ ವಿಚಿತ್ರವಾದ ವಾಸನೆ ಇದೆಯೆಂದು ಆಕೆ ಒಬ್ಬ ವೈದ್ಯನಿಂದ ಇನ್ನೊಬ್ಬನ ಬಳಿಗೆ ಅಲೆದಳು, ಯಾರೂ ಕಿವಿಗೊಡಲಿಲ್ಲ. ಕಡೆಗೆ ಆಸ್‌ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು ಕೇಳಿಸಿಕೊಂಡರು. 1934ರಲ್ಲಿ ಅವರು ಆ ಮೂತ್ರದಿಂದ ಒಂದು ಆಮ್ಲವನ್ನು ಬೇರ್ಪಡಿಸಿ ಫೀನೈಲ್‌ಕೀಟೋನೂರಿಯ ಎಂದು ಇಂದು ಹೆಸರಾಗಿರುವ ವ್ಯಾಧಿಯನ್ನು ಗುರುತಿಸಿದರು. ಆ ಮಕ್ಕಳಿಗೆ ಅದರಿಂದ ಉಪಕಾರವಾಗಲಿಲ್ಲ, ಕಾಲ ಮಿಂಚಿತ್ತು. ಮುಂದೆ ಅಮೆರಿಕದ ರಾಬರ್ಟ್ ಗಥ್ರಿ ಎಂಬ ವಿಜ್ಞಾನಿ ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಹನಿ ನೆತ್ತರನ್ನು ಹೀರುಕಾಗದಕ್ಕೆ ಇಳಿಸಿ ಪರೀಕ್ಷಿಸುವ ಸುಲಭ ವಿಧಾನವನ್ನು 1963ರಲ್ಲಿ ಪ್ರಕಟಿಸಿದರು. ಗಥ್ರಿಯವರ ಮಗನೂ ಬುದ್ಧಿ ಬೆಳೆಯದ ಮಗುವೇ ಆಗಿದ್ದನು. ಅವರ ಸಂಬಂಧಿಕರ ಮಗುವೊಂದಕ್ಕೆ ಫೀನೈಲ್‌ಕೀಟೋನೂರಿಯವೇ ಇತ್ತು. ಪರರ ಮಕ್ಕಳಿಗಾದರೂ ವೇಳೆ ಮೀರದಿರಲೆಂದು ಒಬ್ಬ ತಂದೆ ಪಟ್ಟ ಪಾಡು ಅದು. ಆ ಹೀರುಕಾಗದವೇ ಜಗತ್ತನ್ನು ಸುತ್ತಿತು.

ಶರಣಧರ್ಮದ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಈ ವಿಷಯ ಏಕೆಂದು ಯಾರಾದರೂ ಪ್ರಶ್ನಿಸಿದರೆ ಉತ್ತರ ಸಿದ್ಧವಾಗಿದೆ. ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳನ್ನು ಅಲ್ಲಗಳೆದರು. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಇವುಗಳಿಂದ ಮೈಲಿಗೆಯಿಲ್ಲವೆಂದು ಸಾರಿದರು. ಅಂದರೆ ಹೆಣ್ಣಿನ ನೆತ್ತರಿಗೂ ಹೆರಿಗೆಯ ನೆತ್ತರಿಗೂ ಹುಟ್ಟಿದ ಕುಲದ ನೆತ್ತರಿಗೂ ಅಂಟಿಸಿದ್ದ ಕಳಂಕವನ್ನು ತೊಳೆದುಹಾಕಿದರು. ಇಂಥ ಪರಂಪರೆಯ ಮನೆಗಳಲ್ಲಿಯೇ ‘ತವರಿನ ರಕ್ತ’ ಎಂಬ ಆರನೆಯ ಸೂತಕವೊಂದು ಹಿಂಬಾಗಿಲಿನಿಂದ ಬಂದು ನಡುಮನೆಯಲ್ಲಿ ಕುಳಿತಿರುವುದು ಲಜ್ಜೆಯ ವಿಷಯ. ಇಷ್ಟಲಿಂಗವನ್ನು ಕಟ್ಟಿಸಿಕೊಂಡ ಮಗು ಮಾತು ಕಲಿಯಲಿಲ್ಲವೆಂದು ಆ ಮಗುವನ್ನು ನೆಂಟರ ಮದುವೆಗೆ ಕರೆದೊಯ್ಯದೆ ಒಳಕೋಣೆಯಲ್ಲಿ ಮುಚ್ಚಿಡುವ ಮನೆಗಳು ಇಲ್ಲವೆಂದು ಎದೆಮುಟ್ಟಿ ಹೇಳಬಲ್ಲವರಾರು? ಇನ್ನೊಬ್ಬ ಮಗಳ ಮದುವೆ ತಪ್ಪೀತೆಂಬ ಭಯ ಅಲ್ಲಿ ಕೆಲಸ ಮಾಡುತ್ತದೆ. ಆ ಭಯದಲ್ಲಿ ವ್ಯಾಧಿಯ ಹೆಸರು ಮುಚ್ಚಿಹೋಗುತ್ತದೆ; ಹೆಸರು ಮುಚ್ಚಿದ್ದರಿಂದ ಅದೇ ಮನೆತನದಲ್ಲಿ ಮತ್ತೊಂದು ನೆಂಟಸ್ತಿಕೆ ಕುದುರುತ್ತದೆ.

ದಾನಿಗಳಲ್ಲಿ ಕೆಲವರು ಬೇರೊಂದು ಆಕ್ಷೇಪವನ್ನು ಎತ್ತಬಹುದು. ಹಳ್ಳಿಯ ಮಕ್ಕಳಿಗೆ ಹೊಟ್ಟೆತುಂಬ ಹಾಲಿಲ್ಲ, ಗರ್ಭಿಣಿಯರಿಗೆ ರಕ್ತಹೀನತೆ. ಹೀಗಿರುವಾಗ ಲಕ್ಷಕ್ಕೊಂದೋ ಎರಡೋ ಬರುವ ವ್ಯಾಧಿಗೆ ಹಣ ಸುರಿಯುವುದು ಸರಿಯೆ? ಆಕ್ಷೇಪದಲ್ಲಿ ತೂಕವಿದೆ, ತಳ್ಳಿಹಾಕುವಂಥದಲ್ಲ. ಅಮೈನೋ ಆಮ್ಲದ ವ್ಯಾಧಿಗಳು ಒಂದೊಂದೂ ವಿರಳವೇ. ಆದರೆ ಅದೇ ಹನಿಯಲ್ಲಿ ಜನ್ಮಜಾತ ಥೈರಾಯ್ಡ್ ಕೊರತೆಯನ್ನೂ ನೋಡಬಹುದು. ನಮ್ಮ ದೇಶದಲ್ಲಿ ಅದು ಸುಮಾರು ಸಾವಿರ ಶಿಶುಗಳಿಗೊಂದರಂತೆ ಕಾಣುತ್ತದೆ. ದಿನಕ್ಕೊಂದು ಅಗ್ಗದ ಮಾತ್ರೆಯನ್ನು ಮೊದಲ ವಾರಗಳಲ್ಲಿಯೇ ಆರಂಭಿಸಿದರೆ ಆ ಮಗು ಎಲ್ಲರಂತೆ ಶಾಲೆಗೆ ಬರುತ್ತದೆ, ತಡವಾದರೆ ಬರುವುದಿಲ್ಲ. ಗೋವಾ ರಾಜ್ಯ 2008ರಲ್ಲಿಯೇ ಸರ್ಕಾರದ ವತಿಯಿಂದ ಶಿಶುಪರೀಕ್ಷೆಯನ್ನು ಆರಂಭಿಸಿತು. ಅದಕ್ಕೂ ಇಪ್ಪತ್ತೆಂಟು ವರ್ಷ ಮೊದಲು ದಾರಿ ತೋರಿದ ಕರ್ನಾಟಕದಲ್ಲಿ ಪ್ರತಿ ಕೂಸಿಗೂ ಈ ಹಕ್ಕು ಇನ್ನೂ ದೊರೆತಿಲ್ಲವೆಂಬುದು ಹೆಮ್ಮೆಪಡುವ ಸಂಗತಿಯಲ್ಲ. 2021ರಲ್ಲಿ ಕೇಂದ್ರ ಸರ್ಕಾರ ವಿರಳ ರೋಗಗಳ ರಾಷ್ಟ್ರೀಯ ನೀತಿಯನ್ನು ಹೊರಡಿಸಿತು. ಹೋಮೋಸಿಸ್ಟಿನೂರಿಯವೂ ಅದರ ಪಟ್ಟಿಯಲ್ಲಿದೆ. ನೆರವು ಪಟ್ಟಿಯಲ್ಲಿದ್ದರೆ ಸಾಲದು. ರೋಗವೆಂದು ಮೊದಲು ತಿಳಿಯಬೇಕಷ್ಟೆ.

ಪರೀಕ್ಷೆಯೂ ಸರ್ವಜ್ಞವಲ್ಲವೆಂಬುದನ್ನು ಮರೆಮಾಚಬಾರದು. ಮಿಥಿಯೊನಿನ್ನಿನ ಪ್ರಮಾಣವನ್ನು ಅಳೆಯುವ ಶಿಶುಪರೀಕ್ಷೆ ಬಿ6ಕ್ಕೆ ಮಣಿಯುವ ಹೋಮೋಸಿಸ್ಟಿನೂರಿಯವನ್ನೇ ಅನೇಕವೇಳೆ ತಪ್ಪಿಸಿಕೊಂಡುಬಿಡುತ್ತದೆ. ಅಂದರೆ ಸುಲಭವಾಗಿ ಗುಣವಾಗಬಲ್ಲ ಮಗುವೇ ಬಲೆಯಿಂದ ನುಸುಳುತ್ತದೆ. ವಿಜ್ಞಾನ ತನ್ನನ್ನು ತಾನೇ ತಿದ್ದಿಕೊಂಡ ಉದಾಹರಣೆಯೂ ಇಲ್ಲಿಯೇ ಉಂಟು. 1969ರಲ್ಲಿ ಕಿಲ್ಮರ್ ಮೆಕಲಿ ಎಂಬ ಅಮೆರಿಕದ ವೈದ್ಯರು, ಈ ವ್ಯಾಧಿಯಿಂದ ಸತ್ತ ಮಕ್ಕಳ ನಾಳಗಳನ್ನು ಕಂಡು, ಸಾಮಾನ್ಯರ ಹೃದಯಾಘಾತಕ್ಕೂ ಹೋಮೋಸಿಸ್ಟೀನೇ ಕಾರಣವಿರಬಹುದೆಂದರು. ಮುಂದೆ ದೊಡ್ಡ ಪ್ರಯೋಗಗಳಲ್ಲಿ ಸಾವಿರಾರು ಹೃದ್ರೋಗಿಗಳಿಗೆ ಜೀವಸತ್ವ ಕೊಟ್ಟು ಅದನ್ನು ಇಳಿಸಿ ನೋಡಿದಾಗ ಹೃದಯಾಘಾತಗಳು ಕಡಿಮೆಯಾಗಲಿಲ್ಲ. ಆದ್ದರಿಂದ ಅಂಗಡಿಯಲ್ಲಿ ಸಿಕ್ಕ ಜೀವಸತ್ವದ ಮಾತ್ರೆಯನ್ನು ತಾವೇ ಕೊಂಡು ನುಂಗುವ ಹಿರಿಯರಿಗೆ ಈ ಲೇಖನದಲ್ಲಿ ಯಾವ ಪ್ರೋತ್ಸಾಹವೂ ಇಲ್ಲ.

ಇನ್ನು ಭಾಷೆಯ ಮಾತು. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಾಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಮೈಸೂರು ವಿಶ್ವವಿದ್ಯಾನಿಲಯ ಪ್ರಚಾರೋಪನ್ಯಾಸಮಾಲೆಯ ಮೂಲಕ ಹಳ್ಳಿಹಳ್ಳಿಗೂ ಶಾಸ್ತ್ರವಿಷಯಗಳನ್ನು ಮುಟ್ಟಿಸಿತು. ಡಾ. ಅನುಪಮಾ ನಿರಂಜನರ ‘ತಾಯಿ-ಮಗು’ ಅನೇಕ ಬಸುರಿಯರ ತಲೆದಿಂಬಿನ ಬಳಿ ಇದ್ದ ಪುಸ್ತಕ. ಇಷ್ಟು ಮಾಡಿದ ಭಾಷೆಗೆ ಒಂದು ವಂಶವಾಹಿಯ ಕಥೆಯನ್ನು ಹೇಳಲು ಶಕ್ತಿ ಸಾಲದೆಂಬುದು ಸೋಮಾರಿಗಳ ನೆಪ. ‘ವಂಶವಾಹಿ’ ಎಂಬ ಮಾತೇ ಎಷ್ಟು ಪಾರದರ್ಶಕವಾಗಿದೆ! ವಾಹಿಯೆಂದರೆ ಹೊರುವುದು, ಒಯ್ಯುವುದು. ಅದರಲ್ಲಿ ಪಾಪವೂ ಇಲ್ಲ ಪುಣ್ಯವೂ ಇಲ್ಲ. ಪ್ರೌಢಶಾಲೆಯ ವಿಜ್ಞಾನದ ಉಪಾಧ್ಯಾಯರು ಮೆಂಡೆಲನ ಬಟಾಣಿಯನ್ನು ಕಪ್ಪುಹಲಗೆಯ ಮೇಲೆ ಬರೆದು ಪರೀಕ್ಷೆಗೆ ಉರುಹಾಕಿಸುವುದರ ಜೊತೆಗೆ, ಅದೇ ಚೌಕಳಿಯಲ್ಲಿ ಮಾವ-ಸೊಸೆಯರನ್ನು ಬರೆದು ತೋರಿಸಿದರೆ ತರಗತಿ ಒಮ್ಮೆಗೇ ನಿಶ್ಶಬ್ದವಾದೀತು. ಮರುವರ್ಷ ಮದುವೆಯ ಮಾತು ಬರಲಿರುವ ಹುಡುಗಿಯರು ಅಲ್ಲಿ ಕುಳಿತಿರುತ್ತಾರೆ.

ಶ್ರೀಮಠಗಳಿಗೂ ಇಲ್ಲಿ ದೊಡ್ಡ ಅವಕಾಶವಿದೆ. ಸುತ್ತೂರಿನ ಜಾತ್ರೆಯಲ್ಲಿ ವರ್ಷವರ್ಷವೂ ಜಾತಿಭೇದವಿಲ್ಲದೆ ಸಾಮೂಹಿಕ ವಿವಾಹಗಳು ನೆರವೇರುತ್ತಿವೆ. ಪೂಜ್ಯ ಜಗದ್ಗುರುಗಳವರ ಸನ್ನಿಧಿಯಲ್ಲಿ ಹೆಸರು ನೋಂದಾಯಿಸುವಾಗ ವಧೂವರರ ವಯಸ್ಸನ್ನು ಕೇಳುವುದುಂಟು. ಅದೇ ಮೇಜಿನ ಬಳಿ ಒಬ್ಬ ವೈದ್ಯರನ್ನು ಕೂರಿಸಿ, ಇಬ್ಬರ ಮನೆತನದಲ್ಲಿಯೂ ಬುದ್ಧಿ ಬೆಳೆಯದ ಮಗು, ಎಳೆಯ ವಯಸ್ಸಿನಲ್ಲಿ ಲಕ್ವ ಹೊಡೆದವರು, ಸಣ್ಣ ಗಾಯಕ್ಕೆ ನೆತ್ತರು ನಿಲ್ಲದವರು ಯಾರಾದರೂ ಇದ್ದರೆಯೇ ಎಂದು ಕೇಳಿಸಿದರೆ ಖರ್ಚೇನೂ ಇಲ್ಲ. ಮದುವೆಯನ್ನು ಮುರಿಯುವುದಕ್ಕಾಗಿ ಈ ಪ್ರಶ್ನೆ ಅಲ್ಲ. ಹುಟ್ಟುವ ಕೂಸಿನ ನೆತ್ತರನ್ನು ಮೂರನೆಯ ದಿನವೇ ಪರೀಕ್ಷೆಗೆ ಕಳುಹಿಸಬೇಕೆಂದು ಬರೆದುಕೊಡುವುದಕ್ಕಾಗಿ. 1984ರಿಂದ ವೈದ್ಯಕೀಯ ಕಾಲೇಜನ್ನೇ ನಡೆಸಿಕೊಂಡು ಬಂದಿರುವ ಮಠದ ಪರಂಪರೆಗೆ ಇದು ಹೊರೆಯಾಗಲಾರದು. ಸ್ವಾಮಿಗಳ ಬಾಯಿಂದ ‘ತಂದೆಯದೂ ಸಮಪಾಲು’ ಎಂಬ ಮಾತು ಒಮ್ಮೆ ಜಾತ್ರೆಯ ಪೆಂಡಾಲಿನಲ್ಲಿ ಕೇಳಿಬಂದರೆ ನೂರು ಕರಪತ್ರಗಳಿಗಿಂತ ಹೆಚ್ಚಿನ ಬೆಲೆ ಅದಕ್ಕೆ ದೊರೆಯುತ್ತದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು ಬಾರದ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಚಾಮರಾಜನಗರ, ಮಂಡ್ಯ, ಕೊಡಗುಗಳಿಂದ ತಾಯಂದಿರು ಅಲ್ಲಿಗೆ ಬರುತ್ತಾರೆ. ಮಗುವಿಗೆ ಮೂರು ವರ್ಷವೋ ನಾಲ್ಕೋ ಆಗಿರುತ್ತದೆ. ಬುತ್ತಿಯ ಗಂಟು, ಹಳೆಯ ಚೀಟಿಗಳ ಕಟ್ಟು ಜೊತೆಗಿರುತ್ತವೆ. ಆ ಚೀಟಿಗಳಲ್ಲಿ ಕೂಸು ಹುಟ್ಟಿದ ದಿನದ ತೂಕ, ಹಾಕಿಸಿದ ಚುಚ್ಚುಮದ್ದು ಎಲ್ಲವೂ ಬರೆದಿರುತ್ತವೆ. ಹಿಮ್ಮಡಿಯ ಹನಿ ನೆತ್ತರಿನ ಫಲಿತಾಂಶಕ್ಕೆ ಅವುಗಳಲ್ಲಿ ಇನ್ನೂ ಒಂದು ಅಂಕಣವಿಲ್ಲ.